ಅರ್ಧ ಗೊರಸಿಗೆ ಮರದ ಲಾಳ

ಅದು ಮಂಗಳವಾರ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತಾ ಬಂದಿದ್ದೇನೆ. ನನ್ನ ಫೋನಿನಲ್ಲಿರುವ ಮೊದಲ ಫೋಟೋ ಸೋಮವಾರದ್ದು. ಸಗಣಿ ಮೆತ್ತಿದ ಹಸುವಿನ ಹಿಂಗಾಲು, ಪಕ್ಕದಲ್ಲಿ ಯಾರದೋ ಹವಾಯಿ ಚಪ್ಪಲಿ, ಅಷ್ಟೇ ಇದೆ ಅದರಲ್ಲಿ. ಹಾಗಾಗಿ ಸೋಮವಾರದಿಂದಲೇ ಶುರು ಮಾಡುತ್ತೇನೆ. ಮುಂದೆಯೂ ನನ್ನ ನೆನಪಿಗೂ ಫೋಟೋಗೂ ತಕರಾರು ಬಂದ ಕಡೆ ಫೋಟೋದ ಮಾತನ್ನೇ ಬರೆದಿದ್ದೇನೆ. ನೆನಪಿಗೆ ನನ್ನ ಮೇಲೆ ಪ್ರೀತಿ ಜಾಸ್ತಿ.

ಕ್ಯಾಸಂಬಳ್ಳಿಯ ಹಾಲಿನ ಡೇರಿ ಮುಂದೆ ಒಬ್ಬ ಹೆಂಗಸು ಕ್ಯಾನನ್ನು ನೆಲಕ್ಕಿಟ್ಟು ನನ್ನ ಗಾಡಿಗೆ ಅಡ್ಡ ನಿಂತಳು. ಮೂವತ್ತೈದರ ಆಚೀಚೆ ವಯಸ್ಸು. ಎರಡು ಮೈಲಿ ಒಳಗಿನ ಹಳ್ಳಿಯವಳು.

"ಮಿಲ್ಟ್ರಿಯಿಂದ ರಿಟೈರ್ ಆಗಿ ಬಂದಿರೋದು ನೀನೇ ಅಲ್ವಾ ಅಣ್ಣ? ಅಲ್ಲಿ ಕುದ್ರೆ ಕಾಲು ನೋಡ್ತಿದ್ದೆ ಅಂತ ನಿಮ್ಮನೆ ಅತ್ತಿಗೆ ಅಂದ್ರು."

"ಕುದ್ರೆ ಅಲ್ಲಮ್ಮ. ಹೇಸರಗತ್ತೆ."

"ಯಾವ್ದೋ ಒಂದು. ಅದಕ್ಕೂ ನಾಲ್ಕೇ ಕಾಲಲ್ವಾ. ನಮ್ ಸೀಮೆ ಹಸು ಕಾಲೂರ್ತಾ ಇಲ್ಲ. ಒಂದ್ಸಲ ಬಂದು ನೋಡ್ಬುಟ್ಟು ಓಗು."

ಹಸು ಆರು ತಿಂಗಳ ಗಬ್ಬ. ಹಿಂದಿನ ಬಲಗಾಲನ್ನು ಊರದೆ ಹದಿನೈದು ದಿನವಾಗಿತ್ತು. ಪಶುವೈದ್ಯರು ಬಂದು ಸೂಜಿ ಹಾಕಿದ್ದರು. ನೋವು ಇಳಿದಂತಾಗಿ ಮತ್ತೆ ಬಂದಿತ್ತು. ಗೊರಸು ಕೆತ್ತಿಸಿ ಎಂದು ಅವರೇ ಹೇಳಿದ್ದರು, ಆದರೆ ಎತ್ತಿಗೆ ಲಾಳ ಕಟ್ಟುತ್ತಿದ್ದ ಮುದುಕರು ತೀರಿಕೊಂಡ ಮೇಲೆ ಆ ಕಡೆ ಗೊರಸು ಮುಟ್ಟುವವರೇ ಇಲ್ಲ. ಬರುವ ಭಾನುವಾರ ಟೆಂಪೊ ತರುತ್ತೇನೆಂದು ದಲ್ಲಾಳಿ ಹೇಳಿಹೋಗಿದ್ದ. ಕಾಲಿಲ್ಲದ ಹಸುವನ್ನು ಅವನು ಎಲ್ಲಿಗೆ ಒಯ್ಯುತ್ತಾನೆಂದು ಊರಿನಲ್ಲಿ ಯಾರೂ ಕೇಳುವುದಿಲ್ಲ. ಅವಳ ಗಂಡ ಬಂಗಾರಪೇಟೆಯಲ್ಲಿ ಮನೆಗಳಿಗೆ ಗ್ರಾನೈಟ್ ಕೂರಿಸುವ ಕೂಲಿ. ಮನೆ ನಡೆಯುತ್ತಿದ್ದದ್ದು ಈ ಹಸುವಿನ ಮೇಲೆ. ಅದು ಹೋದರೆ ಅವಳು ಮತ್ತೆ ಬೆಳಗಿನ ರೈಲು ಹಿಡಿದು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಬೇಕು. ಆರು ವರ್ಷ ಹೋಗಿದ್ದವಳು. ರೈಲಿನ ಬಾಗಿಲ ಬಳಿ ಕಂಬಿ ಹಿಡಿದು ನಿಂತು ನಿಂತು ಬಲಭುಜ ಇಳಿದುಹೋಗಿದೆ ಎಂದು ನಗುತ್ತಲೇ ಹೇಳಿದಳು.

"ಭಾನ್ವಾರದೊಳ್ಗೆ ನಡೀಬೇಕು ಅಣ್ಣ. ನಡೆದ್ರೆ ನಾನು ಕೊಡಕ್ಕೆ ಬಿಡಲ್ಲ. ನಡೀದಿದ್ರೆ ನಮ್ಮತ್ತೆ ಕೊಟ್ಬಿಡ್ತಾರೆ. ಆಗ ನಾನು ಯಾವ ಬಾಯಲ್ಲಿ ಬೇಡ ಅನ್ಲಿ?"

ಸೈನ್ಯದಲ್ಲಿ ನಾನು ಲಾಳ ಕಟ್ಟುವವನು. ಊರಿನಲ್ಲಿ ಈ ಮಾತು ಹೇಳಿದರೆ ಎದುರಿನವರ ಮುಖ ಸ್ವಲ್ಪ ಇಳಿಯುತ್ತದೆ. ಅವರ ಪ್ರಕಾರ ಸೈನಿಕ ಎಂದರೆ ಗಡಿಯಲ್ಲಿ ಕೋವಿ ಹಿಡಿದು ನಿಂತವನು. ಕೋವಿ ನನಗೂ ಕೊಟ್ಟಿದ್ದರು. ವರ್ಷಕ್ಕೊಮ್ಮೆ ಗುರಿಗೆ ಹೊಡೆದು, ಒರೆಸಿ, ಎಣ್ಣೆ ಹಚ್ಚಿ ವಾಪಸು ಇಡುತ್ತಿದ್ದೆ. ಉಳಿದ ದಿನಗಳಲ್ಲಿ ಕೈಗೆ ಬರುತ್ತಿದ್ದದ್ದು ಗೊರಸಿನ ಚಾಕು, ಇಕ್ಕಳ, ಅರ. ನಮ್ಮ ಕಂಪನಿಯಲ್ಲಿ ಜೀನು ಹೊಲಿಯುವವನಿದ್ದ, ಪ್ರಾಣಿಗಳ ಗಾಯಕ್ಕೆ ಮದ್ದು ಹಚ್ಚುವವನಿದ್ದ, ಹುಲ್ಲು ತೂಗುವವನಿದ್ದ, ನಮ್ಮೆಲ್ಲರ ತಲೆ ಬೋಳಿಸುವವನೂ ಇದ್ದ. ಎಲ್ಲರೂ ಸೈನಿಕರೇ, ಒಂದೇ ಬಣ್ಣದ ಬಟ್ಟೆ. ರಸ್ತೆ ಮುಗಿಯುವಲ್ಲಿಂದ ಬೆಟ್ಟದ ತುದಿಯ ಠಾಣೆಯವರೆಗೆ ಸೀಮೆಎಣ್ಣೆ, ಆಲೂಗಡ್ಡೆ, ಗುಂಡಿನ ಪೆಟ್ಟಿಗೆ ಹೊರುತ್ತಿದ್ದದ್ದು ಹೇಸರಗತ್ತೆಗಳು. ದಾರಿಯಲ್ಲಿ ಒಂದರ ಲಾಳ ಕಳಚಿದರೆ ಮೇಲಿನವರು ಅವತ್ತು ಒಲೆ ಹಚ್ಚುವಂತಿರಲಿಲ್ಲ. ಅವರು ಒಲೆ ಹಚ್ಚಿದರೆ ನನ್ನ ಕೆಲಸ ಸರಿಯಾಗಿದೆ ಎಂದರ್ಥ. ಅದನ್ನು ಯಾರೂ ಬಂದು ಹೇಳುತ್ತಿರಲಿಲ್ಲ.

ಸೋಮವಾರ ಮಧ್ಯಾಹ್ನ ಚಿನ್ನದ ಗಣಿಯ ಪಕ್ಕದ ಕೋರಮಂಡಲ್‌ಗೆ ಹೋಗಿ ಗೆಳೆಯನನ್ನು ಗಾಡಿಯ ಹಿಂದೆ ಕೂರಿಸಿಕೊಂಡೆ. ಅವನೂ ಮಾಜಿ ಸೈನಿಕ, ಬೇರೆ ರೆಜಿಮೆಂಟಿನಲ್ಲಿ ಅಡುಗೆಯವನಾಗಿದ್ದ. ಗಣಿಯವರ ಹಳೆಯ ಲೈನು ಮನೆಯಲ್ಲೇ ಇದ್ದಾನೆ. ಮನೆಮಾತು ತಮಿಳು, ಕನ್ನಡವನ್ನು ಅವಸರದಲ್ಲಿ ಬಡಿಸಿದ ಹಾಗೆ ಆಡುತ್ತಾನೆ. ಹಗ್ಗ ಎಳೆಯಲು ಒಬ್ಬ ಬೇಕಿತ್ತು, ಅವನ ತೋಳಿನಲ್ಲಿ ಇನ್ನೂರು ಜನರ ಅನ್ನದ ಪಾತ್ರೆ ಇಳಿಸಿದ ಬಲ ಇನ್ನೂ ಇತ್ತು.

ಕೊಟ್ಟಿಗೆ ಎಂದರೆ ನಾಲ್ಕು ಕಲ್ಲುಕಂಬ, ಮೇಲೆ ತಗಡು, ಕೆಳಗೆ ಸಿಮೆಂಟಿನ ನೆಲ, ಹಿಂದೆ ಗಂಜಲ ಹರಿಯುವ ಕಾಲುವೆ. ಜಗಲಿಯ ಮೇಲೆ ಅತ್ತೆ ಕೂತಿದ್ದರು, ಹುಣಸೆಹಣ್ಣಿನ ಬೀಜ ಬಿಡಿಸುತ್ತಾ.

"ಏನಪ್ಪ ಮಿಲ್ಟ್ರಿ, ಗನ್ನು ಇಡಿಯೋ ಕೈಗೆ ನಮ್ ಕೊಟ್ಗೆ ಕೆಲ್ಸ ಯಾಕೆ?"

"ಗನ್ನಾ?" ಗೆಳೆಯ ಹೇಳಿದ. "ಪಾಟಿ, ಅಜ್ಜೀ, ಇವನು ಇಡ್ದಿದ್ದು ಕತ್ತೆ ಕಾಲು. ನಾನು ಇಡ್ದಿದ್ದು ಸೌಟು. ಗನ್ನು ಇಡ್ದೋನು ಬೇರೆ ಯಾರೋ ಇದ್ದ, ಅವನಿಗೆ ನಾವು ಸಾಂಬಾರ್ ಕಳಿಸ್ತಾ ಇದ್ವಿ."

ಅತ್ತೆ ನಗಲಿಲ್ಲ. "ಇನ್ನೂ ಒಳ್ಳೇದಾಯ್ತು," ಎಂದು ಬೀಜ ಬಿಡಿಸುವುದನ್ನು ಮುಂದುವರಿಸಿದರು.

ಹೇಸರಗತ್ತೆಯ ಹಿಂಗಾಲು ಎತ್ತುವುದಕ್ಕೆ ಒಂದು ಭಂಗಿ ಇದೆ. ಅದರ ಬಾಲದ ಕಡೆ ಮುಖ ಮಾಡಿ, ಸೊಂಟಕ್ಕೆ ಸೊಂಟ ತಾಗಿಸಿ ನಿಂತು, ಕೈಯನ್ನು ತೊಡೆಯಿಂದ ಕೆಳಕ್ಕೆ ಜಾರಿಸಿ, ಕಾಲನ್ನು ಹಿಂದಕ್ಕೆ ಎಳೆದು ನಮ್ಮ ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಕಲಿತ ಪ್ರಾಣಿ ತಾನೇ ಕಾಲು ಕೊಡುತ್ತದೆ. ನಾನು ಹಾಗೇ ನಿಂತೆ. ಹಸು ಹಿಂದಕ್ಕೆ ಒದೆಯುವುದಿಲ್ಲ, ಪಕ್ಕಕ್ಕೆ ಬೀಸಿ ಒದೆಯುತ್ತದೆ. ಹಳ್ಳಿಯಲ್ಲಿ ಹುಟ್ಟಿದ ನನಗೆ ಅದು ಐದನೇ ವಯಸ್ಸಿನಲ್ಲೇ ಗೊತ್ತಿತ್ತು. ಸೈನ್ಯದ ಹದಿನೇಳು ವರ್ಷದಲ್ಲಿ ಮರೆತಿದ್ದೆ. ಗಂಜಲದ ಕಾಲುವೆಯಲ್ಲಿ ಕೂತು ಮೇಲೆ ನೋಡಿದೆ.

"ಬಾರ್ಡರ್‌ನಲ್ಲಿ ಒಂದು ಗಾಯ ಇಲ್ಲ," ಗೆಳೆಯ ಹೇಳಿದ, "ಕ್ಯಾಸಂಬಳ್ಳಿಲಿ ಬಿದ್ಬಿಟ್ಯಾ ಮಚ್ಚಾ."

ಗಬ್ಬದ ಹಸುವನ್ನು ಹಗ್ಗ ಹಾಕಿ ಕೆಡವುವಂತಿರಲಿಲ್ಲ, ಕರುವಿಗೆ ಅಪಾಯ. ನಿಂತಲ್ಲೇ ಎತ್ತಬೇಕು. ಹಿಂಗಾಲಿನ ಗಂಟಿನ ಮೇಲೆ ಗೋಣಿಚೀಲ ಸುತ್ತಿ, ಅದರ ಮೇಲೆ ಹಗ್ಗ ಬಿಗಿದು, ಹಗ್ಗದ ಇನ್ನೊಂದು ತುದಿಯನ್ನು ಚಾವಣಿಯ ಕಬ್ಬಿಣದ ಪೈಪಿನ ಮೇಲಿಂದ ಇಳಿಸಿದೆವು. ಗೆಳೆಯ ಎಳೆದ. ಹಸುವಿನ ತಲೆಯನ್ನು ಆ ಹೆಂಗಸು ಎದೆಗೆ ಒತ್ತಿಕೊಂಡಳು, ಕಿವಿಯ ಹಿಂದೆ ಕೆರೆಯುತ್ತಾ ಏನೋ ಹೇಳುತ್ತಿದ್ದಳು. ಕಾಲು ಒಂದು ಗೇಣು ಮೇಲಕ್ಕೆ ಬಂತು.

ತೊಳೆದು ನೋಡಿದರೆ ಗೊರಸು ಮೂರು ಬೆರಳು ಉದ್ದ ಬೆಳೆದು ಹಳೆಯ ಕಾಲದ ಜೋಡಿನ ಹಾಗೆ ಮುಂದೆ ಬಾಗಿತ್ತು. ಸಿಮೆಂಟಿನ ಮೇಲೆ ಕಟ್ಟಿದ ಹಸು, ನಡೆದಾಟವಿಲ್ಲ, ಸವೆಯುವುದು ಹೇಗೆ? ಇಕ್ಕಳದಿಂದ ತುದಿ ಕತ್ತರಿಸಿದೆ. ಚಾಕುವಿನಿಂದ ತಳ ಕೆತ್ತಿದೆ. ಅರದಿಂದ ಉಜ್ಜಿದೆ. ಎಷ್ಟೋ ತಿಂಗಳ ಮೇಲೆ ಆ ಚಾಕು ಹಿಡಿದಿದ್ದೆ. ಗೊರಸಿನ ಬಿಳಿ ಸುರುಳಿಗಳು ಕಾಲ ಬಳಿ ಬೀಳುತ್ತಿದ್ದಾಗ ಕೈ ತಾನಾಗಿಯೇ ಓಡಿತು. ಎರಡು ಹೋಳನ್ನೂ ಕಣ್ಣಿನ ಮಟ್ಟಕ್ಕೆ ತಂದು ನೋಡಿ, ಹೊರಗಿನದು ಎಷ್ಟೋ ಒಳಗಿನದೂ ಅಷ್ಟೇ ಎನ್ನುವಂತೆ ಸಮ ಮಾಡಿದೆ. ಹಲಗೆ ಇಟ್ಟರೆ ಅಲುಗಬಾರದು, ಹಾಗೆ. ಒಳಗಿನ ಹೋಳಿನಲ್ಲಿ ಒಂದು ಕಡೆ ನಸುಗೆಂಪು ಕಂಡಿತು. ಇಲ್ಲಿಗೆ ಸಾಕು ಎಂದು ನಿಲ್ಲಿಸಿದೆ. ಫೋಟೋ ತೆಗೆದೆ. ನಿಜಕ್ಕೂ ಚೆಂದವಾಗಿತ್ತು.

ಮಂಗಳವಾರ ಬೆಳಿಗ್ಗೆ ಅವಳ ಫೋನು. "ಅಣ್ಣ, ಏಳ್ತಾನೇ ಇಲ್ಲ," ಎಂದಳು. ಅಷ್ಟೇ.

ನಾವು ಹೋದಾಗ ಹಸು ಮಲಗಿತ್ತು. ಮುಂದೆ ಹಾಕಿದ ಹುಲ್ಲು ಹಾಗೇ ಇತ್ತು. ಅವಳು ನನ್ನ ಮುಖ ನೋಡಲಿಲ್ಲ. ಅತ್ತೆ ನೋಡಿದರು.

"ನಿನ್ನೆ ಮೂರು ಕಾಲಲ್ಲಿ ನಿಂತಿತ್ತು. ಇವತ್ತು ಅದೂ ಓಯ್ತು. ಭಾನ್ವಾರದವರ್ಗೂ ಯಾಕೆ, ಇವತ್ತೇ ಬಾ ಅಂತ ಅವನಿಗೆ ಏಳಿ ಕಳಿಸ್ಲಾ?"

"ಅತ್ತೆ," ಎಂದಳು ಸೊಸೆ.

"ನಾನೇನು ಸುಳ್ಳು ಅಂದ್ನಾ?"

ಸುಳ್ಳಾಗಿರಲಿಲ್ಲ. ನಾಲ್ಕು ಜನ ಸೇರಿ, ಹೊಟ್ಟೆಯ ಕೆಳಗೆ ಗೋಣಿ ತೂರಿಸಿ, ಬಾಲದ ಬುಡ ಹಿಡಿದು ಹಸುವನ್ನು ಎಬ್ಬಿಸಿದೆವು. ಕಾಲನ್ನು ಮತ್ತೆ ಹಗ್ಗಕ್ಕೆ ಹಾಕಿ, ನಿನ್ನೆ ನಾನು ಮೆಚ್ಚಿಕೊಂಡ ಕೆಲಸವನ್ನು ಬಿಸಿಲಿನಲ್ಲಿ ನೋಡಿದೆ. ಆಗ ಅರ್ಥವಾಯಿತು. ಹೇಸರಗತ್ತೆಗೆ ಒಂದೇ ಗೊರಸು. ತಳ ಮಟ್ಟಸವಾಗಿದ್ದರೆ ಭಾರ ಸುತ್ತಲೂ ಹಂಚಿಹೋಗುತ್ತದೆ. ಹಸುವಿಗೆ ಎರಡು ಹೋಳು, ಎರಡೂ ಬೇರೆ ಬೇರೆ ಕಂಬಗಳಿದ್ದ ಹಾಗೆ. ಹಿಂಗಾಲಿನಲ್ಲಿ ಹೊರಗಿನ ಹೋಳು ಬೇಗ ಬೆಳೆದು ಭಾರವೆಲ್ಲ ಅದರ ಮೇಲೆ ಬೀಳುತ್ತದೆ, ಕೆಡುವುದೂ ಅದೇ. ಅಂಥಲ್ಲಿ ಹೊರಗಿನದನ್ನು ಇಳಿಸಬೇಕು, ಒಳಗಿನ ಆರೋಗ್ಯವಾದ ಹೋಳನ್ನು ಮುಟ್ಟಲೇಬಾರದು. ನಾನು ಎರಡನ್ನೂ ಒಂದು ಗೊರಸೆಂದುಕೊಂಡು ಸಮ ಮಾಡಿದ್ದೆ. ನಿಂತುಕೊಳ್ಳಲು ಅದಕ್ಕಿದ್ದ ಒಂದೇ ಕಂಬವನ್ನು ನಾನೇ ಗಿಡ್ಡ ಮಾಡಿದ್ದೆ.

ನಿಜ ಹೇಳಬೇಕೆಂದರೆ, ಆ ಕ್ಷಣದಲ್ಲಿ ಇಷ್ಟು ಸ್ಪಷ್ಟವಾಗಿ ಅರ್ಥವಾಗಿರಲಿಲ್ಲ. ಅರ್ಧ ಅವತ್ತು ತಿಳಿಯಿತು, ಇನ್ನರ್ಧ ಮಾರನೆಯ ದಿನ ಪಶುವೈದ್ಯರು ಫೋನಿನಲ್ಲಿ ಬಿಡಿಸಿ ಹೇಳಿದ ಮೇಲೆ. ಬರೆಯುವಾಗ ಎರಡನ್ನೂ ಒಂದೇ ದಿನದ ಬಿಸಿಲಿಗೆ ತಂದುಬಿಟ್ಟಿದ್ದೇನೆ.

ಹೊರಗಿನ ಹೋಳನ್ನು ಇಕ್ಕಳದ ಬಾಯಲ್ಲಿ ಮೆಲ್ಲಗೆ ಅಮುಕುತ್ತಾ ಬಂದೆ. ಹಿಮ್ಮಡಿಯ ಹತ್ತಿರ ಬಂದಾಗ ಹಸು ಮೈಯೆಲ್ಲ ನಡುಗಿಸಿತು. ಅಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆ ಇತ್ತು. ಚಾಕುವಿನ ಬಾಗಿದ ತುದಿಯಿಂದ ಆ ಕಪ್ಪನ್ನು ಹಿಂಬಾಲಿಸಿದೆ. ಕಡಲೆಕಾಳಿನಷ್ಟು ಅಗಲವಾದ ಮೇಲೆ ಬೂದುಬಣ್ಣದ ನೀರು ಚಿಮ್ಮಿ ನನ್ನ ಅಂಗಿಗೆ ಬಿತ್ತು. ಅದರ ವಾಸನೆಯನ್ನು ವರ್ಣಿಸುವುದಿಲ್ಲ. ನನಗೆ ಮಾತ್ರ ಅದು ಒಳ್ಳೆಯ ಸುದ್ದಿ.

ಸೈನ್ಯದಲ್ಲಿ ಇದಕ್ಕೆ ಗೋಧಿಬೂಸದ ಪಟ್ಟು ಕಟ್ಟುತ್ತಿದ್ದೆವು. ಬಿಸಿ ಬೂಸ, ಉಪ್ಪು, ಚೀಲದೊಳಗೆ ಗೊರಸು. ಬಿಸಿ ಒಳಗಿನ ಕೀವನ್ನು ಎಳೆದು ತರುತ್ತದೆ. ನಾನು ಹದ ಹೇಳುವ ಮೊದಲೇ ಗೆಳೆಯ ಅವರ ಒಲೆಯ ಮುಂದೆ ಕೂತಿದ್ದ.

"ಪುಟ್ಟು ಹದಕ್ಕೆ ಬರ್ಬೇಕು, ಅಕ್ಕಿಹಿಟ್ಟು ಹಬೇಲಿ ಬೇಯಿಸ್ತಾರಲ್ಲ, ಆ ಥರ," ಎಂದ. "ನೀರು ಜಾಸ್ತಿ ಆದ್ರೆ ಸೋರುತ್ತೆ, ಕಮ್ಮಿ ಆದ್ರೆ ಬೇಗ ಆರುತ್ತೆ. ಆ ಕಡೆ ಸರ್ಕೋ ನೀನು, ನಿನಗೆ ಗೊತ್ತಾಗಲ್ಲ." ಬೆಂದ ಬೂಸವನ್ನು ಮುಷ್ಟಿಯಲ್ಲಿ ಹಿಡಿದು, ಮೊಣಕೈಯ ಒಳಮೈಗೆ ಇಟ್ಟು ಬಿಸಿ ನೋಡಿದ. ಯಾವುದೋ ಸೇನಾ ಆಸ್ಪತ್ರೆಗೆ ಗಂಜಿ ಕಳಿಸುವಾಗ ಕಲಿತದ್ದಂತೆ. ನಾನು ಕಟ್ಟಿದ ಪಟ್ಟುಗಳು ಅರ್ಧ ಗಂಟೆಗೆ ತಣ್ಣಗಾಗುತ್ತಿದ್ದವು. ಅವನದು ಎರಡು ಗಂಟೆ ಬೆಚ್ಚಗಿತ್ತು. ಅತ್ತೆ ಜಗಲಿಯಿಂದ ಎದ್ದು ಬಂದು ಪಾತ್ರೆಯೊಳಗೆ ಇಣುಕಿದರು.

"ಹಸುಗೆ ಇಷ್ಟು ಹದವಾಗಿ ಮಾಡ್ತೀಯ, ಮನೇಲಿ ಎಂಡ್ರಿಗೆ ಮಾಡಾಕ್ತೀಯೇನಪ್ಪಾ?"

"ಅವಳಿಗೆ ನನ್ನ ಅಡುಗೆ ಆಗಲ್ಲ ಪಾಟಿ. ಇನ್ನೂರು ಜನಕ್ಕೆ ಆಗೋ ಉಪ್ಪು ಹಾಕ್ತೀನಂತೆ."

ಆಗ ಅತ್ತೆ ನಕ್ಕರು. ಒಂದು ಸಲ, ಮೂಗಿನಿಂದ.

ಬುಧವಾರ ಕೀವು ನಿಂತಿತ್ತು. ಹಸು ತಾನಾಗಿ ಎದ್ದು ಹುಲ್ಲು ಎಳೆಯಿತು. ಆದರೆ ಆ ಕಾಲನ್ನು ನೆಲಕ್ಕೆ ತಾಗಿಸಿ ತಕ್ಷಣ ಎತ್ತಿಬಿಡುತ್ತಿತ್ತು. ಪಶುವೈದ್ಯರಿಗೆ ಫೋನ್ ಮಾಡಿ, ನಾನು ಮಾಡಿದ ತಪ್ಪನ್ನೂ ಸೇರಿಸಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಕೀವು ಬಂದದ್ದು ಒಳ್ಳೆಯದಾಯಿತು, ಗಬ್ಬದ ಹಸುವಿಗೆ ಆಗುವ ಔಷಧಿ ಇಂಥದ್ದು ಎಂದು ಹೆಸರು ಹೇಳಿದರು. ಆಮೇಲೆ, "ಆ ಹೋಳಿನ ಮೇಲೆ ಭಾರ ಬೀಳಬಾರದು. ಹೊಸ ಗೊರಸು ಬೆಳೆಯಕ್ಕೆ ತಿಂಗಳುಗಟ್ಟಲೆ ಬೇಕು. ಅಲ್ಲಿವರೆಗೆ ಹೇಗೆ ತಪ್ಪಿಸ್ತೀರಿ, ನೋಡಿ," ಎಂದರು.

ಹೇಗೆ ತಪ್ಪಿಸುವುದು? ಹಸುವಿಗೆ ಊರುಗೋಲು ಕೊಡಲಾಗುತ್ತದೆಯೇ?

ಈಗ ಬರುವ ಭಾಗವನ್ನು ನಾನು ಬಂಗಾರಪೇಟೆಯ ಟೀ ಅಂಗಡಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅಲ್ಲಿ ಹೇಳುವಾಗ ಗುರುವಾರ ಬೆಳಿಗ್ಗೆ ನಾನು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಹಸುವನ್ನು ದಿಟ್ಟಿಸಿ ನೋಡುತ್ತೇನೆ, ಹಸು ಕಾಲುವೆಯ ಅಂಚಿನಲ್ಲಿ ನಿಂತಿರುತ್ತದೆ, ನನಗೆ ಹೊಳೆಯುತ್ತದೆ. ಇದನ್ನು ಬರೆಯಲು ಕೂತ ಮೇಲೆ ಅವಳ ಫೋನನ್ನು ಕೇಳಿ ತೆಗೆದುಕೊಂಡು ನೋಡಿದೆ. ಅದರಲ್ಲಿ ಗುರುವಾರ ಬೆಳಿಗ್ಗೆ ಆರೂಕಾಲಿಗೆ ತೆಗೆದ ಫೋಟೋ ಇದೆ. ಆಗ ನಾನು ನನ್ನ ಮನೆಯಲ್ಲಿ ಮಲಗಿದ್ದೆ. ಫೋಟೋದಲ್ಲಿ ಹಸು ಕಾಲುವೆಯ ಕಲ್ಲುಚಪ್ಪಡಿಯ ಅಂಚಿಗೆ ಬಂದು ನಿಂತಿದೆ. ಬಲ ಹಿಂಗಾಲಿನ ಒಳಗಿನ ಹೋಳು ಚಪ್ಪಡಿಯ ಮೇಲೆ, ಹೊರಗಿನ ಹೋಳು ಕಾಲುವೆಯ ಮೇಲೆ ಗಾಳಿಯಲ್ಲಿ. ಕಾಲು ಊರಿದೆ. ಹದಿನೆಂಟು ದಿನದಲ್ಲಿ ಮೊದಲ ಸಲ ಪೂರ್ತಿ ಊರಿದೆ.

ನಾನು ಹೋದಾಗ ಅವಳೇ ತೋರಿಸಿರಬೇಕು. ಈಗ ಅವಳ ದನಿಯೂ ಕೇಳಿದಂತಾಗುತ್ತದೆ: "ನೋಡಣ್ಣ, ಬೇಕಂತಲೇ ಅಂಚಿಗೋಗಿ ನಿಂತ್ಕತದೆ. ಎಳ್ಕೊಂಬಂದ್ರೂ ಮತ್ತೆ ಅಲ್ಲಿಗೇ ಓಯ್ತದೆ." ಫೋಟೋ ನೋಡಿದ ಮೇಲೆ ನಾನು ಕಟ್ಟಿಕೊಂಡ ದನಿ ಇದು, ನಿಜವಾದ ನೆನಪಲ್ಲ ಎಂಬ ಅನುಮಾನವೂ ಇದೆ. ಯಾರು ಕಂಡರು ಎಂಬುದು ಹೀಗೆ ಅಂಚಿನ ಮೇಲೆಯೇ ಇರಲಿ. ದಾರಿ ಹುಡುಕಿಕೊಂಡದ್ದಂತೂ ಹಸು.

ಚಪ್ಪಡಿಯ ಅಂಚನ್ನು ಹಸುವಿನ ಜೊತೆಗೇ ಕಳಿಸಿದರಾಯಿತು. ಒಳಗಿನ ಹೋಳಿಗೆ ಮಾತ್ರ ಒಂದು ದಪ್ಪ ಮರದ ತುಂಡು ಅಂಟಿಸಿದರೆ, ಎಲ್ಲಿ ನಿಂತರೂ ಹೊರಗಿನ ಹೋಳು ಗಾಳಿಯಲ್ಲಿರುತ್ತದೆ. ಪಶುವೈದ್ಯರಿಗೆ ಮತ್ತೆ ಫೋನ್ ಮಾಡಿದೆ. "ದೊಡ್ಡ ಡೇರಿಗಳಲ್ಲಿ ಹಾಗೆ ಮಾಡ್ತಾರೆ. ಮಾಡಿ. ಅಂಟು ಮೆತ್ತಗಿನ ಜಾಗಕ್ಕೆ ಹೋಗದ ಹಾಗೆ ನೋಡಿಕೊಳ್ಳಿ," ಎಂದರು.

ನೀಲಗಿರಿ ಮರದ ತುಂಡೊಂದನ್ನು ಹೋಳಿನ ಅಳತೆಗೆ ಚೌಕವಾಗಿ ಕೆತ್ತಿದೆ, ಒಂದೂವರೆ ಬೆರಳು ದಪ್ಪ. ಅವಳ ಗಂಡ ಕೆಲಸದ ಕಡೆಯಿಂದ ಕಲ್ಲು ಅಂಟಿಸುವ ಗೋಂದು ತಂದ. ಎರಡು ಡಬ್ಬಿಯದು, ಎರಡನ್ನೂ ಬೆರೆಸಿದ ಮೇಲೆ ಕೆಲವೇ ನಿಮಿಷಕ್ಕೆ ಕಲ್ಲಾಗುತ್ತದೆ. ಗುರುವಾರ ಮಧ್ಯಾಹ್ನ ಅಂಟಿಸಿದೆವು. ಹಸು ನಾಲ್ಕು ಹೆಜ್ಜೆ ನಡೆಯಿತು. ಐದನೇ ಹೆಜ್ಜೆಗೆ ಮರದ ತುಂಡು ಕೊಟ್ಟಿಗೆಯ ಮೂಲೆಗೆ ಹಾರಿತು.

ಅತ್ತೆ ಅದನ್ನು ಎತ್ತಿಕೊಂಡು ಬಂದು ನನ್ನ ಕೈಗೆ ಕೊಟ್ಟರು.

ಆಗ ನನ್ನ ಕೈ ಮೊಳೆಯ ಡಬ್ಬಿಗೆ ಹೋಯಿತು. ಲಾಳದ ಮೊಳೆ ಹೊಡೆಯುವುದು ನನಗೆ ಬರುವ ಕೆಲಸಗಳಲ್ಲೆಲ್ಲ ಚೆನ್ನಾಗಿ ಬರುವ ಕೆಲಸ. ಮೊಳೆಯನ್ನು ಗೊರಸಿನ ಗೋಡೆಯೊಳಗೆ ತೂರಿಸಿ, ಜೀವವಿರುವ ಭಾಗಕ್ಕೆ ತಾಗದಂತೆ ಹೊರಗೆ ತೆಗೆದು, ತುದಿ ಮುರಿದು ಮಡಿಚುವುದು. ಸುತ್ತಿಗೆಯ ಸದ್ದಿನಲ್ಲೇ ಮೊಳೆ ಎಲ್ಲಿ ಹೋಗುತ್ತಿದೆಯೆಂದು ಹೇಳಬಲ್ಲೆ. ಮೂರು ಮೊಳೆ ಹೊಡೆದರೆ ಆ ಮರ ಮಳೆಗಾಲದವರೆಗೂ ಬೀಳುವುದಿಲ್ಲ. ಭಾನುವಾರ ದಲ್ಲಾಳಿಯ ಮುಂದೆ ಹಸು ಟಕಟಕ ನಡೆಯುತ್ತದೆ.

ಒಂದು ಮೊಳೆಯನ್ನು ಬೆರಳುಗಳ ನಡುವೆ ಹಿಡಿದು ಬಹಳ ಹೊತ್ತು ಕೂತಿದ್ದೆ. ಬಹಳ ಹೊತ್ತು ಎಂದು ನನಗೆ ಅನ್ನಿಸುತ್ತದೆ; ಗೆಳೆಯನ ಪ್ರಕಾರ ಒಂದು ಬೀಡಿಯಷ್ಟು. ಹೇಸರಗತ್ತೆಯ ಗೊರಸಿನ ಗೋಡೆ ದಪ್ಪ. ಹಸುವಿನದು ತೆಳು, ಅದರಲ್ಲೂ ನಾನೇ ಸೋಮವಾರ ಕೆತ್ತಿ ಗಿಡ್ಡ ಮಾಡಿಟ್ಟ ಹೋಳು. ನನ್ನ ಕಿವಿ ಕೇಳಿದ್ದು ಬೇರೆ ಪ್ರಾಣಿಯ ಗೊರಸಿನ ಸದ್ದು. ಒಂದು ಕೂದಲೆಳೆ ತಪ್ಪಿದರೆ ಅದಕ್ಕೆ ಉಳಿದಿರುವ ಒಂದೇ ಒಳ್ಳೆಯ ಹೋಳೂ ಹೋಗುತ್ತದೆ.

"ಮೊಳೆ ಒಡೀತೀಯಾ ಅಣ್ಣ?" ಅವಳು ಕೇಳಿದಳು.

"ಇಲ್ಲಮ್ಮ."

"ಬರಲ್ವಾ?"

"ಬರುತ್ತೆ. ಅದಕ್ಕೇ ಬೇಡ."

ಅವಳಿಗೆ ಅರ್ಥವಾಯಿತೋ ಇಲ್ಲವೋ. ಮೊಳೆಯ ಡಬ್ಬಿಯನ್ನು ಗೆಳೆಯನ ಚೀಲಕ್ಕೆ ಹಾಕಿ, ಅದನ್ನು ಮನೆಗೆ ತೆಗೆದುಕೊಂಡು ಹೋಗಲು ಹೇಳಿದೆ. ನನ್ನ ಚೀಲದಲ್ಲೇ ಇದ್ದರೆ ಶನಿವಾರ ಸಂಜೆ ಏನು ಮಾಡುತ್ತೇನೋ ನನಗೆ ನಂಬಿಕೆ ಇರಲಿಲ್ಲ.

ಶುಕ್ರವಾರವೆಲ್ಲ ಅಂಟು ಯಾಕೆ ಬಿಟ್ಟಿತೆಂದು ಹುಡುಕುವುದರಲ್ಲಿ ಹೋಯಿತು. ಅವಳ ಗಂಡ ಕೆಲಸಕ್ಕೆ ಹೋಗಲಿಲ್ಲ. ಬಿದ್ದ ತುಂಡನ್ನು ಉಗುರಿನಿಂದ ಕೆರೆದು ನೋಡಿದ. "ಅಂಟಲ್ಲಿ ತಪ್ಪಿಲ್ಲಣ್ಣ. ಒದ್ದೆ ಕಲ್ಲಿಗೆ ಆಕಿದ್ರೂ ಇಂಗೇ ಬಿಟ್ಕೊಳ್ತದೆ. ನಾವು ಅಂಟ್ಸೋಕೆ ಮುಂಚೆ ಕಲ್ಲನ್ನ ಗೀರ್ತೀವಿ, ಒಣಗಿ ಪುಡಿ ಪುಡಿ ಅನ್ಬೇಕು," ಎಂದ. ಗೊರಸು ಹೊರಗೆ ಒಣಗಿದಂತೆ ಕಂಡರೂ ಒಳಗೆ ಗಂಜಲ ಕುಡಿದು ಒದ್ದೆಯಾಗಿತ್ತು. ಹಸುವನ್ನು ಸಿಮೆಂಟಿನಿಂದ ಹೊರಗೆ ತಂದು ಒಣ ಮಣ್ಣಿನ ಮೇಲೆ ಕಟ್ಟಿದೆವು. ಗೆಳೆಯ ಒಲೆಯ ಬೂದಿಯನ್ನು ಜರಡಿ ಹಿಡಿದು, ಬೆಚ್ಚಗೆ ಮಾಡಿ, ಬಟ್ಟೆಯಲ್ಲಿ ಕಟ್ಟಿ ಗೊರಸಿಗೆ ಒತ್ತುತ್ತಾ ಕೂತ. ಬೂದಿ ಒದ್ದೆಯಾದಾಗ ಬದಲಿಸುತ್ತಿದ್ದ. ಸಂಜೆಯವರೆಗೆ ಹಾಗೇ. ನಾನು ಅರದಿಂದ ಗೊರಸಿನ ತಳದಲ್ಲಿ ಅಡ್ಡಡ್ಡ ಗೀರಿದೆ, ಮರದಲ್ಲೂ ಗೀರಿದೆ. ಬಣ್ಣ ಬೆಳ್ಳಗಾಗಿ ಉಗುರು ತಾಗಿದರೆ ಪುಡಿ ಉದುರುವಾಗ ಅವಳ ಗಂಡ ಅಂಟು ಬೆರೆಸಿದ. ಬೆರೆಸುವ ಅಳತೆ ಅವನ ಕಣ್ಣಿಗೆ ಬಿಟ್ಟೆವು. ಒತ್ತಿ ಹಿಡಿದದ್ದು ಗೆಳೆಯ. ಕಾಲು ಕೆಳಗಿಳಿಸಬೇಡಿ ಎಂದು ಎರಡು ಸಲ ಹೇಳಿದ್ದು ಅತ್ತೆ.

ಶನಿವಾರ ನಾನು ಹೋಗಲಿಲ್ಲ. ಹೋಗುವ ಕೆಲಸವೂ ಇರಲಿಲ್ಲ. ಮರ ನಿಂತಿದೆಯಾ ಎಂದು ಮೂರು ಸಲ ಫೋನ್ ಮಾಡಿದೆ. ಮೂರನೇ ಸಲ ಅವಳು, "ಬಿದ್ರೆ ನಾನೇ ಮಾಡ್ತೀನಿ, ನೀನು ಊಟ ಮಾಡೋಗಣ್ಣ," ಎಂದಳು.

ಭಾನುವಾರ ಒಂಬತ್ತು ಗಂಟೆಗೆ ನಾನೂ ಗೆಳೆಯನೂ ಹೋದಾಗ ಟೆಂಪೊ ಮನೆ ಮುಂದೆ ನಿಂತಿತ್ತು, ಹಿಂದಿನ ಬಾಗಿಲು ತೆರೆದು. ಕೊಟ್ಟಿಗೆ ಖಾಲಿ. ಓಡಿಹೋಗಿ ಇಣುಕಿದರೆ ಟೆಂಪೊವೂ ಖಾಲಿ. ದಲ್ಲಾಳಿ ಜಗಲಿಯ ಕೆಳಗೆ ನಿಂತು ಅತ್ತೆಯನ್ನು ಕೇಳುತ್ತಿದ್ದ.

"ಹಸು ಎಲ್ಲಜ್ಜಿ?"

"ನನ್ನ ಕೇಳ್ತೀಯಾ? ನಮ್ ಸೊಸೆ ಎದ್ದೋಳೇ ಬಿಚ್ಕೊಂಡೋದ್ಲು."

"ಕಾಲೇ ಇಲ್ಲದ ಹಸುನ ಎಲ್ಲಿಗೆ ಬಿಚ್ಕೊಂಡೋಗ್ತಾಳೆ?"

ಅವನು ನೆಲ ನೋಡಿದ. ಮನೆಯ ಪಕ್ಕದಿಂದ ಹೊಲದ ಕಡೆಗೆ ಧೂಳಿನಲ್ಲಿ ಹೆಜ್ಜೆ ಹೊರಟಿತ್ತು. ಮೂರು ಕಾಲಿನವು ಎಲ್ಲ ಹಸುವಿನವೂ ಇರುವ ಹಾಗೆ, ಸೀಳಿದ ಬೀಜದ ಹಾಗೆ. ನಾಲ್ಕನೆಯದರಲ್ಲಿ ಒಂದೇ ಪಕ್ಕ, ಆಳವಾಗಿ ಒತ್ತಿದ ಚೌಕ ಗುರುತು. ಹೊರಗಿನ ಹೋಳು ನೆಲ ಮುಟ್ಟಿಯೇ ಇರಲಿಲ್ಲ.

"ಇದೇನಿದು," ಎಂದ ದಲ್ಲಾಳಿ, "ಹಸುನಾ, ಕುರ್ಚಿನಾ?"

ನಾವು ಮೂವರೂ ಆ ಚೌಕಗಳ ಹಿಂದೆ ನಡೆದೆವು. ಗೆಳೆಯ ಪ್ರತಿ ಚೌಕವನ್ನೂ ದಾಟಿ ಕಾಲಿಡುತ್ತಿದ್ದ, ರಂಗೋಲಿ ತುಳಿಯದವರ ಹಾಗೆ. ಬೋರ್‌ವೆಲ್ ದಾಟಿ ಸೀಮೆಹುಲ್ಲಿನ ಪಾತಿಯ ಅಂಚಿಗೆ ಬಂದಾಗ ಹಸು ಮೇಯುತ್ತಿತ್ತು. ಅವಳು ಬದುವಿನ ಮೇಲೆ ಕೂತಿದ್ದಳು, ಹಗ್ಗ ಮಡಿಲಲ್ಲಿ ಸಡಿಲವಾಗಿ. ನಮ್ಮನ್ನು ನೋಡಿ ಏಳಲಿಲ್ಲ.

ದಲ್ಲಾಳಿ ಹಸುವನ್ನು ಹಿಂದಿನಿಂದ ನೋಡಿದ, ಪಕ್ಕಕ್ಕೆ ಬಂದು ನೋಡಿದ. ಹಸು ಒಂದು ಬುಡ ಮುಗಿಸಿ ಇನ್ನೊಂದಕ್ಕೆ ಮೂರು ಹೆಜ್ಜೆ ಇಟ್ಟಿತು. ಕುಂಟಿತು, ಸ್ವಲ್ಪ. ಆದರೆ ನಾಲ್ಕು ಕಾಲಲ್ಲೂ ನಡೆಯಿತು.

"ಮರದ ಕಾಲು ಎಷ್ಟು ದಿನ ಬತ್ತದಕ್ಕ?" ಎಂದ. "ಬಿದ್ದೋದ್ಮೇಲೆ ನನ್ನೇ ಕರೀತೀಯ. ಆಗ ಈ ರೇಟು ಸಿಗಲ್ಲ."

"ಬಿದ್ರೆ ಇನ್ನೊಂದು ಅಂಟಿಸ್ತೀವಿ," ಎಂದಳು. "ನಮ್ಮನೆಯೋರಿಗೆ ಅಂಟು ಬೆರೆಸೋದು ಗೊತ್ತು. ಅಣ್ಣನಿಗೆ ಕೆತ್ತೋದು ಗೊತ್ತು."

"ನಿಂದಲ್ಲಕ್ಕ ಮಾತು. ಅಜ್ಜಿ ಮಾತು ಕೊಟ್ಟವ್ರೆ."

ಅವನು ತಿರುಗಿ ನೋಡಿದ. ಅತ್ತೆ ನಮ್ಮ ಹಿಂದೆಯೇ ಬಂದಿದ್ದರು, ಸೊಂಟದ ಮೇಲೆ ಕೈಯಿಟ್ಟು, ಏದುಸಿರು ಬಿಡುತ್ತಾ. ಅವಳು ಹಗ್ಗವನ್ನು ಬಿಗಿಯಾಗಿ ಹಿಡಿದಳು. ಅತ್ತೆ ಸೊಸೆಯ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಹಸು ಇನ್ನೊಂದು ಬುಡಕ್ಕೆ ಹೋಗುವವರೆಗೂ ಅದರ ಹಿಂಗಾಲನ್ನೇ ನೋಡಿದರು.

"ಬಿಸ್ಲು ಏರ್ತಾ ಇದೆ," ಎಂದರು ದಲ್ಲಾಳಿಗೆ. "ಬಾ, ಟೀ ಕುಡ್ಕೊಂಡೋಗು. ಆಲು ಮನೇದೇ, ಈ ಹಸೂದೇ."